ಮನೆಯಲ್ಲಿ ಎಲ್ಲಕ್ಕಿಂತ ಹಳೇದು ಯಾವುದು ಅಂತ ಫ್ಯಾಮಿಲಿ ಗ್ರೂಪಲ್ಲಿ ಜಗಳ

ಮಾಟುಂಗಾದ ದೊಡ್ಡಪ್ಪನ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗ್ತಾ ಉಂಟು, ತಿಂಗಳ ಕೊನೆಗೆ ಖೋಲಿ ಖಾಲಿ ಮಾಡ್ಬೇಕು. ಅಟ್ಟದಿಂದ ಇಳಿಸಿದ ಸಾಮಾನಲ್ಲಿ ಒಂದರ ಫೋಟೊ ಗುರಣ್ಣ ಗ್ರೂಪಿಗೆ ಹಾಕಿದ, ಮತ್ತೆ ರಾತ್ರಿವರೆಗೆ ಫೋನ್ ಸುಮ್ಮನಾಗ್ಲಿಲ್ಲ. ಹೆಸರೆಲ್ಲ ಬದಲಿಸಿದ್ದೇನೆ, ನಡುವಿನ ಶುಭೋದಯದ ಹೂವುಗಳನ್ನೂ ಸುಧತ್ತೆಯ ವಾಯ್ಸ್ ಮೆಸೇಜುಗಳನ್ನೂ ತೆಗೆದಿದ್ದೇನೆ.

ಗುರಣ್ಣ (ಠಾಣೆ): ಎಲ್ಲ್ರೂ ನೋಡಿ. ಅಜ್ಜನ ಟ್ರಂಕಲ್ಲಿ ಸಿಕ್ಕಿದ್ದು. ಈಸ್ಟ್ ಇಂಡಿಯಾ ಕಂಪನಿ 1818, ಒಂದು ಬದಿಯಲ್ಲಿ ರಾಮ ಸೀತೆ ಲಕ್ಷ್ಮಣ ಹನುಮಂತ. 200 ವರ್ಷ ದಾಟಿದ ನಾಣ್ಯ!! ಯೂಟ್ಯೂಬಲ್ಲಿ ಇದಕ್ಕೆ ಕೋಟಿಗಟ್ಟಲೆ ಹೇಳ್ತಾರೆ. ನಮ್ಮ ಮನೆಯಲ್ಲಿ ಇದಕ್ಕಿಂತ ಹಳೇದು ಎಂತದ್ದೂ ಇಲ್ಲ

ವೀಣಕ್ಕ (ಮೀರಾ ರೋಡ್): ಹಾಗಾದ್ರೆ ಭಾಗ ಆಗ್ಬೇಕಲ್ಲ ಗುರು. ಅಮ್ಮನ ಪಾಲು ಎಲ್ಲಿ

ಪ್ರಣವ್ (ಪುಣೆ): ಗುರಣ್ಣ ಬೇಜಾರ್ ಮಾಡ್ಬೇಡ, ಅದು ನಾಣ್ಯವೇ ಅಲ್ಲ, ದೇವರಕೋಣೆಯಲ್ಲಿ ಇಡ್ಲಿಕ್ಕೆ ತಗೊಳ್ತಿದ್ದ ಟೋಕನ್, ರಾಮಟಂಕ ಹೇಳ್ತಾರೆ. 1818ರಲ್ಲಿ ಕಂಪನಿಗೆ ಇಡೀ ದೇಶಕ್ಕೆ ಒಂದೇ ನಮೂನೆ ನಾಣ್ಯ ಅಂತಲೇ ಇರ್ಲಿಲ್ಲ, ಬಂಗಾಳ ಮದ್ರಾಸ್ ಬೊಂಬಾಯಿ ಮೂರಕ್ಕೂ ಬೇರೆ ಬೇರೆ, ಬಂಗಾಳದ ರೂಪಾಯಿ ಮೇಲಂತೂ ಪರ್ಷಿಯನ್ ಲಿಪಿಯಲ್ಲಿ ಮೊಘಲ್ ಬಾದಶಹ ಶಾ ಆಲಂನ ಹೆಸರು. ಒಂದೇ ನಮೂನೆ ಬಂದದ್ದು 1835ರಲ್ಲಿ, ರೂಪಾಯಿಗೆ ನಾಲ್ಕನೇ ವಿಲಿಯಂನ ಮುಖ ಹಾಕಿ. ಝೂಮ್ ಮಾಡಿ ನೋಡು, ‘ಹಾಫ್’ ಇರ್ಬೇಕಾದಲ್ಲಿ ‘ಯುಕೆಎಲ್ ಆನಾ’ ಅಂತ ಉಂಟಾ?

ಗುರಣ್ಣ: ಉಂಟು. ಹಳೇ ಇಂಗ್ಲಿಷ್ ಇರ್ಬಹುದು

ಪ್ರಣವ್: ಲಂಡನ್ನಿನ ಕಂಪನಿಗೆ ಹಾಫ್ ಅಂತ ಬರೀಲಿಕ್ಕೆ ಬರ್ತಿರ್ಲಿಲ್ವಾ ಮಾರಾಯ

ಗುರಣ್ಣ: ನಿನ್ನ ಕಾಲೇಜ್ ಪಾಠ ಬಿಡು. ಒಬ್ಬ ಪಾರ್ಟಿ ಫೋನಲ್ಲೇ ತಗೊಳ್ತೇನೆ ಹೇಳಿದ್ದಾನೆ. ಮೊದಲು ರಿಜಿಸ್ಟ್ರೇಶನ್ ಫೀ ಕಟ್ಬೇಕಂತೆ ಅಷ್ಟೇ, ರಿಸರ್ವ್ ಬ್ಯಾಂಕಿನ ಲೆಟರ್ ಕೂಡ ಕಳಿಸಿದ್ದಾನೆ, ಸೀಲ್ ಎಲ್ಲ ಉಂಟು

ನಾನು: ಒಂದು ಪೈಸೆ ಹಾಕ್ಬೇಡ. 2021ರ ಆಗಸ್ಟಲ್ಲೇ ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟಾಗಿದೆ, ಹಳೇ ನೋಟು ನಾಣ್ಯದ ವ್ಯವಹಾರಕ್ಕೂ ನಮಗೂ ಸಂಬಂಧ ಇಲ್ಲ, ನಾವು ಫೀ ಕಮಿಶನ್ ಎಂತದ್ದೂ ಕೇಳುವುದಿಲ್ಲ ಅಂತ. ನಿಜವಾಗಿ ತಗೊಳ್ಳುವವನು ದುಡ್ಡು ಕೊಡ್ತಾನೆ, ಕೇಳುವುದಲ್ಲ

(ಗುರಣ್ಣ ಇದಕ್ಕೆ ಹೆಬ್ಬೆರಳು ಒತ್ತಿದ. ಕಟ್ಟಿಯಾಗಿತ್ತೋ ಇಲ್ವೋ ಇವತ್ತಿಗೂ ಬಾಯಿ ಬಿಡ್ಲಿಲ್ಲ.)

ದೊಡ್ಡಪ್ಪ (ಮಾಟುಂಗಾ): ನಾಣ್ಯದ ಮಾತು ಸಾಕು. ಮನೆಯ ಅತ್ಯಂತ ಪ್ರಾಚೀನವಾದದ್ದು ದೇವರನ್ನಿಡುವ ಪೆಟ್ಟಿಗೆಯಲ್ಲಿ, ಸಂಪುಟದಲ್ಲಿದೆ. ನನ್ನ ಮುತ್ತಜ್ಜನ ಕಾಲದಿಂದ ನಿತ್ಯಪೂಜೆ ನಡೆದ ಸಾಲಿಗ್ರಾಮ. ಅಪ್ಪ ಮುಂಬೈಗೆ ಬರುವಾಗ ಬಟ್ಟೆಯ ಗಂಟು ಹಡಗಿನಲ್ಲಿ ಕಳೆದುಹೋಗಿತ್ತು. ಸಂಪುಟ ಮಾತ್ರ ಸೊಂಟಕ್ಕೆ ಕಟ್ಟಿದ್ದರಿಂದ ಉಳಿಯಿತು. ಫೋಟೊ ಹಾಕುವುದಿಲ್ಲ.

(ನಮ್ಮ ಗ್ರೂಪಲ್ಲಿ ಪೂರ್ಣವಿರಾಮ ಹಾಕುವವರು ದೊಡ್ಡಪ್ಪ ಒಬ್ರೇ.)

ಗುರಣ್ಣ: ಮುತ್ತಜ್ಜ ಅಂದ್ರೆ 120-130 ವರ್ಷ ಆಗ್ಬಹುದು ಅಪ್ಪ. ನನ್ನದು 200

ಪ್ರಣವ್: ಇದರಲ್ಲಿ ನಾನು ದೊಡ್ಡಪ್ಪನ ಪಾರ್ಟಿ. ನೇಪಾಳದ ಗಂಡಕಿ ನದಿಯ ಸಾಲಿಗ್ರಾಮ ಅಂದ್ರೆ ಅಮೋನೈಟ್ ಅನ್ನುವ ಸಮುದ್ರಜೀವಿಯ ಪಳೆಯುಳಿಕೆ. ಈಗ ಹಿಮಾಲಯ ಇರುವಲ್ಲಿ ಆಗ ಟೆಥಿಸ್ ಸಮುದ್ರ, ಜೀವಿ ಸತ್ತು ತಳದ ಕೆಸರಲ್ಲಿ ಹೂತುಹೋಗಿ ಚಿಪ್ಪಿನ ಸುತ್ತ ಕೆಸರು ಗಟ್ಟಿಯಾಗಿ ಕಪ್ಪು ಉಂಡೆ ಆಯ್ತು, ಮತ್ತೆ ಭಾರತದ ತುಂಡು ಹೋಗಿ ಏಷ್ಯಾಕ್ಕೆ ಗುದ್ದಿ ಸಮುದ್ರದ ತಳವೇ ಮೇಲೆದ್ದು ಬೆಟ್ಟ ಆಯ್ತು, ಈಗ ಮುಕ್ತಿನಾಥದ ಕಡೆ ಕಾಳಿ ಗಂಡಕಿ ಆ ಬೆಟ್ಟ ಕೊರೆದು ಉಂಡೆಗಳನ್ನು ಕೆಳಗೆ ತರ್ತಾಳೆ. ವಯಸ್ಸು ಹೆಚ್ಚುಕಮ್ಮಿ 14-15 ಕೋಟಿ ವರ್ಷ. ಅಮೋನೈಟುಗಳು ಡೈನೋಸಾರ್ ಜೊತೆಗೇ 6.6 ಕೋಟಿ ವರ್ಷದ ಹಿಂದೆ ನಾಶ ಆದವು. ಒಳಗೆ ಕಾಣುವ ಚಕ್ರ ಅಂದ್ರೆ ಆ ಚಿಪ್ಪಿನ ಸುರುಳಿ

ದೊಡ್ಡಪ್ಪ: ದೇವರನ್ನು ಹುಳ ಎನ್ನುತ್ತೀಯಾ?

ಪ್ರಣವ್: ಹುಳ ಅಲ್ಲ ದೊಡ್ಡಪ್ಪ, ಕಪ್ಪೆಬೊಂಡಾಸೆಯ, ಅಂದ್ರೆ ಸ್ಕ್ವಿಡ್ ಜಾತಿಯ ಸಮುದ್ರಜೀವಿಯ, ದೂರದ ನೆಂಟ ಅಂತ ಹೇಳ್ಬಹುದು

ವೀಣಕ್ಕ: ಪ್ರಣವ್ ಸುಮ್ಮನಿರು ಮಾರಾಯ!! ಪೂಜೆಯ ದೇವರು ಅದು

ದೊಡ್ಡಪ್ಪ: ಚಕ್ರವನ್ನು ವಜ್ರಕೀಟ ಕೊರೆಯಿತು ಎಂದು ಪುರಾಣದಲ್ಲೇ ಇದೆ. ನೀನು ಹೊಸತು ಹೇಳಿದ್ದು ಏನೂ ಇಲ್ಲ.

ಪ್ರಣವ್: ಹಾಗಾದ್ರೆ ಒಂದು ಜೀವಿಯ ಕೆಲಸ ಅಂತ ಇಬ್ರೂ ಒಪ್ಪಿದೆವು. ಕೋಟಿ ವರ್ಷದ ಲೆಕ್ಕದಲ್ಲಿ ಮಾತ್ರ ಜಗಳ

ಸುಧತ್ತೆ (ಡೊಂಬಿವಲಿ): ಬೆಳಿಗ್ಗೆಯಿಂದ ನೋಡ್ತಾ ಇದ್ದೇನೆ ನಾಣ್ಯ ಅಂತೆ ಸಂಪುಟ ಅಂತೆ ಆ ಕಡೆಯುವ ಕಲ್ಲಿನ ಹೆಸರು ಒಬ್ರೂ ಎತ್ತಲಿಲ್ಲ, ಗುರು ನಿನ್ನೆ ಫೋನಲ್ಲಿ ಅದನ್ನು ಗುಜರಿಯ ಭಂಗಾರ್‌ವಾಲನಿಗೆ ಕೊಡುವಾ ಅಂತ ಕೇಳ್ತಾನೆ, ಭಂಗಾರ್‌ವಾಲ ಕಲ್ಲು ಯಾಕೆ ತಗೊಳ್ತಾನೆ ಅಷ್ಟೂ ಗೊತ್ತಿಲ್ವಾ

ಗುರಣ್ಣ: ಎತ್ಲಿಕ್ಕೆ ನಾಲ್ಕು ಜನ ಬೇಕು ಅತ್ತೆ. ಹೊಸ ಫ್ಲ್ಯಾಟಿನ ಕಿಚನಲ್ಲಿ ನಿಲ್ಲಲಿಕ್ಕೇ ಜಾಗ ಇರುವುದಿಲ್ಲ. ಮಿಕ್ಸಿ ಉಂಟಲ್ಲ

ಸುಧತ್ತೆ: ಮಿಕ್ಸಿ ಬಂದದ್ದು ಯಾವಾಗ? ಅಜ್ಜ ಹೋಟೆಲಿಂದ ರಾತ್ರಿ ಬರುವಾಗ ಜೊತೆಗೆ ಕೆಲಸದ ಹುಡುಗರನ್ನು ಊಟಕ್ಕೆ ಕರ್ಕೊಂಡು ಬರ್ತಿದ್ರು ಕೇಳದೆ ಹೇಳದೆ, ಅಮ್ಮ ಆ ಹೊತ್ತಿಗೆ ಮತ್ತೆ ತೆಂಗಿನಕಾಯಿ ತುರಿದು ಕಲ್ಲಿಗೆ ಕೂತ್ಕೊಳ್ತಿದ್ದಳು. ಬೆಳಿಗ್ಗೆ ಉದ್ದು ಅರೆದು ಅರೆದು ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಈಗಲೂ ಗಂಟು ಉಂಟು. ಕಲ್ಲಿನ ಕುಳಿ ನೋಡಿದ್ದೀರಾ ಯಾರಾದ್ರೂ, ಗೋಡೆಬದಿ ಒಂದು ಸುತ್ತು ಜಾಸ್ತಿ ಸವೆದಿದೆ, ಯಾಕೆಂದ್ರೆ ಖೋಲಿಯಲ್ಲಿ ಕಾಲು ಚಾಚ್ಲಿಕ್ಕೆ ಜಾಗ ಇರ್ಲಿಲ್ಲ, ಓರೆಯಾಗಿ ಕೂತು ಕಡೆಯುವುದು, ಗುಂಡು ಆ ಬದಿಗೇ ಒತ್ತುವುದು. ಮಂಗಳೂರಿಂದ ಹಡಗಲ್ಲಿ ಬಂದ ಕಲ್ಲು ಅದು

ದೊಡ್ಡಪ್ಪ: ಹಡಗಿನಲ್ಲಿ ಬಂದದ್ದಲ್ಲ ಸುಧಾ. ಇಲ್ಲೇ ಕಲ್ಲು ಕೊರೆಯುವವರ ಹತ್ತಿರ ಕೊಂಡದ್ದು. ಕೈಗಾಡಿಯಲ್ಲಿ ತಂದದ್ದು ನನಗೆ ನೆನಪಿದೆ.

ಸುಧತ್ತೆ: ಅಮ್ಮನೇ ನನ್ನ ಹತ್ರ ಹೇಳಿದ್ದು ಅಣ್ಣ

ಪ್ರಣವ್: ತಡೀರಿ ತಡೀರಿ, ಇದು ತುಂಬ ಇಂಪಾರ್ಟೆಂಟ್. ಊರಿನ ಕರಿಕಲ್ಲಾದ್ರೆ 250 ಕೋಟಿ ವರ್ಷಕ್ಕೂ ಹಳೇದಿರ್ಬಹುದು, ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ಹೇಳ್ತಾರೆ. ಸಾಲಿಗ್ರಾಮ ಮಗು ಅದರೆದುರು. ಮುಂಬೈ ಕಡೆಯದ್ದಾದ್ರೆ ಲಾವಾ ಹರಿದು ತಣಿದ ಕಲ್ಲು, ಅಂಧೇರಿಯ ಗಿಲ್ಬರ್ಟ್ ಹಿಲ್ ಉಂಟಲ್ಲ ಅದೇ ಜಾತಿ, ಸುಮಾರು 6.6 ಕೋಟಿ, ಆಗ ಸಾಲಿಗ್ರಾಮವೇ ಹಿರಿಯ. ಕಾಳುಕಾಳಾಗಿ ಬಿಳಿ ಕಪ್ಪು ಸೇರಿ ಅಲ್ಲಲ್ಲಿ ಮಿಂಚಿದ್ರೆ ಊರಿನದ್ದು, ನುಣ್ಣಗೆ ಒಂದೇ ಕಪ್ಪು ಇದ್ದು ಸಣ್ಣ ಸಣ್ಣ ತೂತಲ್ಲಿ ಬಿಳಿ ತುಂಬಿದ್ರೆ ಇಲ್ಲಿಯದ್ದು. ಯಾರಾದ್ರೂ ಒದ್ದೆ ಬಟ್ಟೆಯಲ್ಲಿ ಒರೆಸಿ ಹತ್ರದಿಂದ ಫೋಟೊ ಹಾಕಿ, ಕಲ್ಲಿನದ್ದೂ ಗುಂಡಿನದ್ದೂ

ಗುರಣ್ಣ: ನಾನು ಇಲ್ಲಿ ಪ್ಯಾಕಿಂಗ್ ಮಾಡ್ಲಾ ಕಲ್ಲು ಒರೆಸ್ಲಾ

(ಒರೆಸಿದ. ಎರಡು ಫೋಟೊ ಬಂತು. ಕೆಳಗಿನ ಕಲ್ಲು ಒಂದೇ ಕಪ್ಪು, ಅಂಚಲ್ಲಿ ಸಾಸಿವೆ ಗಾತ್ರದ ತೂತುಗಳು, ಒಳಗೆ ಬಿಳಿ. ಗುಂಡು ಮಾತ್ರ ಬೂದಿಬಣ್ಣ, ಮೇಲೆಲ್ಲ ಬಿಳಿ ಕಾಳು, ಒಂದು ಕಡೆ ಟ್ಯೂಬ್‌ಲೈಟಿಗೆ ಮಿಂಚ್ತಾ ಇತ್ತು.)

ಪ್ರಣವ್: ಅಯ್ಯೋ ಎರಡೂ ಬೇರೆ ಬೇರೆ! ಕಲ್ಲು ಇಲ್ಲಿಯದ್ದು, ಗುಂಡು ಊರಿನದ್ದೇ ಇರ್ಬೇಕು

ಸುಧತ್ತೆ: ನಾನು ಹೇಳ್ಲಿಲ್ವಾ ಹಡಗಲ್ಲಿ ಬಂದದ್ದು ಅಂತ

ದೊಡ್ಡಪ್ಪ: ಕೈಗಾಡಿ ಎಂದು ನಾನೂ ಹೇಳಿದೆ.

ವೀಣಕ್ಕ: ಅಂದ್ರೆ ಅಜ್ಜಿ ಗುಂಡು ಮಾತ್ರ ಊರಿಂದ ಹೊತ್ಕೊಂಡು ಬಂದಳಾ? ಅಜ್ಜನ ಸೊಂಟದಲ್ಲಿ ಸಂಪುಟ, ಅಜ್ಜಿಯ ಗಂಟಲ್ಲಿ ಗುಂಡು. ಅಜ್ಜನ ಕತೆ ಹಬ್ಬಕ್ಕೊಮ್ಮೆ ಕೇಳಿದ್ದೇವೆ, ಇದನ್ನು ಯಾರೂ ಹೇಳ್ಲೇ ಇಲ್ಲ

ಸುಧತ್ತೆ: ಯಾರು ಹೇಳ್ತಾರೆ. ಕಲ್ಲಿನ ಹತ್ರ ಕೂತವರು ನಾವು. ಸಂಪುಟ ನಾವು ಹೆಂಗಸರು ಮುಟ್ಲಿಕ್ಕೆ ಇರ್ಲಿಲ್ಲ, ಹುಟ್ಟಿದ ಮನೆಯ ದೇವರು ಹೇಗೆ ಉಂಟು ಅಂತ ನಾನು ಹತ್ರದಿಂದ ನೋಡಿದ್ದು ಅಪ್ಪ ತೀರಿಹೋದ ಮೇಲೆ. ಈಗ ಕೋಟಿ ಕೋಟಿ ವರ್ಷ ಲೆಕ್ಕ ಹಾಕ್ತೀರಿ, ನಾಳೆಯಿಂದ ಪೂಜೆ ಮಾಡುವವರು ಯಾರು ಅದನ್ನು ಹೇಳಿ

(ಇಲ್ಲಿ ಎಲ್ಲ್ರಿಗೂ ಒಟ್ಟಿಗೇ ಕೆಲಸ ಬಂತು.)

ಗುರಣ್ಣ: ನನಗೆ ಬೆಳಿಗ್ಗೆ 7:12ರ ಫಾಸ್ಟ್ ಲೋಕಲ್ ಟ್ರೈನ್. ನಿತ್ಯಪೂಜೆ ಆಗುವ ಮಾತಲ್ಲ, ಈಗಲೇ ಹೇಳ್ತೇನೆ

ದೊಡ್ಡಪ್ಪ: ನನ್ನ ಮೊಣಕಾಲು ನೆಲಕ್ಕೆ ಕೂರಲು ಬಿಡುವುದಿಲ್ಲ. ಮಾಡುವವರಿಲ್ಲದಿದ್ದರೆ ಮಠಕ್ಕೆ ಒಪ್ಪಿಸುವುದು ಕ್ರಮ. ಅದಕ್ಕೆ ಕ್ರಯ ಕಟ್ಟುವ ಮಾತು ಈ ಗ್ರೂಪಿನಲ್ಲಿ ಬರಬಾರದು.

ವೀಣಕ್ಕ: ನಾನು ಮಾಡ್ತೇನೆ ದೊಡ್ಡಮಾವ

ದೊಡ್ಡಪ್ಪ: ಅದು ಸಂಪ್ರದಾಯ ಅಲ್ಲ.

ವೀಣಕ್ಕ: ಗುರುವಿನ 7:12ರ ಫಾಸ್ಟ್ ಸಂಪ್ರದಾಯವಾ

ನಾನು: ದೊಡ್ಡಪ್ಪ, ನನ್ನ ಅಭಿಪ್ರಾಯ ಕೇಳಿದ್ರೆ ವೀಣಕ್ಕನೇ ಸರಿ. ಮಠದಲ್ಲಿ ನೂರರ ನಡುವೆ ಒಂದಾಗಿ ಇರ್ತದೆ, ನಮ್ಮದು ಯಾವುದು ಅಂತ ಮುಂದಿನವರಿಗೆ ಗೊತ್ತೂ ಆಗುವುದಿಲ್ಲ. ಗಂಡು ಮಕ್ಕಳು ನಾವು ಯಾರೂ ಕೈ ಎತ್ತಲಿಲ್ಲ, ಎತ್ತಿದವಳನ್ನು ಬೇಡ ಅನ್ನುವುದು ಯಾವ ನ್ಯಾಯ

(ದೊಡ್ಡಪ್ಪ ನೋಡಿದ್ದು ನೀಲಿ ಟಿಕ್ಕಲ್ಲಿ ಗೊತ್ತಾಯ್ತು. ಉತ್ತರ ಬಂದದ್ದು ರಾತ್ರಿ ಊಟ ಆದ ಮೇಲೆ, ಅಷ್ಟರೊಳಗೆ ದೊಡ್ಡಮ್ಮ ಏನು ಹೇಳಿದ್ರು ಅಂತ ಊಹೆ ಮಾಡ್ಬಹುದು.)

ದೊಡ್ಡಪ್ಪ: ವೀಣಾ, ಆದಿತ್ಯವಾರ ಬೆಳಿಗ್ಗೆ 7ಕ್ಕೆ ಬಾ. ಅಭಿಷೇಕದ ಕ್ರಮ ತೋರಿಸುತ್ತೇನೆ. ತುಳಸಿ ನಿನ್ನ ಬಿಲ್ಡಿಂಗಿನಲ್ಲಿ ಸಿಗುತ್ತದೆಯೋ ಮೊದಲು ನೋಡಿಕೊ. ಒಂದು ತಿಂಗಳು ನೋಡುವಾ.

ವೀಣಕ್ಕ: ಬರ್ತೇನೆ. ಆದ್ರೆ 10ಕ್ಕೆ ಬಿಟ್ಟುಬಿಡಿ, ಆದಿತ್ಯವಾರ ವೆಸ್ಟರ್ನ್ ಲೈನಲ್ಲಿ ರಿಪೇರಿಗೆ ಟ್ರೈನ್ ನಿಲ್ಲಿಸುವ ಜಂಬೋ ಬ್ಲಾಕ್ ಇದ್ರೆ ವಾಪಸ್ ಹೋಗ್ಲಿಕ್ಕೆ ಆಗುವುದಿಲ್ಲ

ಪ್ರಣವ್: ನಾನೂ ಬರ್ಲಾ? ಒಂದು ಸಲ ಚಕ್ರ ಲೆನ್ಸಲ್ಲಿ ನೋಡ್ಬೇಕು

ದೊಡ್ಡಪ್ಪ: ಸ್ನಾನ ಮಾಡಿ ಬಾ. ಮುಟ್ಟಬೇಡ. ಬೊಂಡಾಸೆ ಎಂಬ ಶಬ್ದ ನನ್ನ ಮನೆಯಲ್ಲಿ ಆಡಬೇಡ.

ಗುರಣ್ಣ: ಎಲ್ಲ ಸರಿ, ಕಲ್ಲಿಗೆ ಎಂತ ಮಾಡುವುದು? ಟೆಂಪೋದವನಿಗೆ ನಾಳೆ ಹೇಳ್ಬೇಕು

ಸುಧತ್ತೆ: ಡೊಂಬಿವಲಿಗೆ ಕಳಿಸು, ನಮ್ಮದು ಗ್ರೌಂಡ್ ಫ್ಲೋರ್, ಹಿಂದೆ ನಲ್ಲಿಯ ಹತ್ರ ಜಾಗ ಉಂಟು. ಟೆಂಪೋ ಬಾಡಿಗೆ ನೀನೇ ಕೊಡು, ಆ ಫೋನಿನವನಿಗೆ ಕೊಟ್ಟದ್ದಕ್ಕಿಂತ ಕಮ್ಮಿಯೇ ಆಗ್ತದೆ. ಗುಂಡನ್ನು ಬೇರೆ ಗೋಣಿಯಲ್ಲಿ ಕಟ್ಟು, ದಾರಿಯಲ್ಲಿ ಉರುಳಿ ಅತ್ತಿಗೆಯ ಫ್ರಿಜ್ಜಿಗೆ ಬಡಿದ್ರೆ ನನ್ನ ಹತ್ರ ಕೇಳ್ಬೇಡಿ