ಸರಗೂರಿನ ಕಲ್ಲನ್ನು ಆ್ಯಪ್ ಮರಳುಗಲ್ಲು ಅನ್ನುತ್ತಿದೆ, ಚಾಕು ಒಪ್ಪುತ್ತಿಲ್ಲ

ಮಂಡ್ಯದ ಕಲ್ಲುಹುಚ್ಚ:
ಸರಗೂರು ಕಡೆ ಹೊಲದ ಬದುವಿನಲ್ಲಿ ಎರಡು ಕಲ್ಲು ಸಿಕ್ಕವು. ಒಂದು ಬಿಳಿ, ನಡುನಡುವೆ ಹಸಿರು ಛಾಯೆ, ಪದರ ಪದರ. ಫೋನಿನ ಆ್ಯಪ್ ಇದನ್ನು ಮರಳುಗಲ್ಲು ಅನ್ನುತ್ತದೆ. ಚಾಕುವಿನಿಂದ ಗೀಚಿದರೆ ಗೆರೆಯೇ ಬೀಳಲ್ಲ, ಉಜ್ಜಿದರೆ ಒಂದು ಕಾಳೂ ಉದುರಲ್ಲ. ಇನ್ನೊಂದು ಬೂದು, ಹಾಳೆ ಹಾಳೆಯಾಗಿ ಏಳುತ್ತದೆ, ಬಿಸಿಲಿಗೆ ಮಿಂಚುತ್ತದೆ. ಅದಕ್ಕೆ ಆ್ಯಪಿನ ಉತ್ತರ ಶೇಲ್, ಅಂದರೆ ಕೆಸರು ಗಟ್ಟಿಯಾಗಿ ಆದ ಕಲ್ಲು. ಮೂರನೆಯದು ಮೈಸೂರಿನ ಒಂದು ಖಾಲಿ ಸೈಟಿನಲ್ಲಿ ಸಿಕ್ಕ ಕೆಂಪು ಚೂರು. ಇದರ ಮರಳು ಮಾತ್ರ ಕೈಗೆ ಅಂಟುತ್ತದೆ. ಒಂದೇ ಜಿಲ್ಲೆಯಲ್ಲಿ ಇಷ್ಟು ವ್ಯತ್ಯಾಸ ಯಾಕೆ?

ಕೋಟೆ ಕಡೆಯವನು:
ಆ್ಯಪ್ ನೋಡೋದು ಫೋಟೊ ಅಷ್ಟೇ ಸರ್. ಬಿಳಿ ಕಲ್ಲನ್ನು ಒಡೆದು ಲೆನ್ಸಿನಲ್ಲಿ ನೋಡಿ. ಕಣ್ಣಿಗೆ ಕನ್ನಡಕ ಇರಲಿ, ಚೂರು ಹಾರುತ್ತೆ. ಮರಳುಗಲ್ಲು ಕಾಳುಗಳ ಅಂಚು ಹಿಡಿದು ಬಿರಿಯುತ್ತದೆ. ಕಾಳನ್ನೇ ಸೀಳಿಕೊಂಡು ಒಡೆದರೆ ಅದು ಕ್ವಾರ್ಟ್ಜೈಟ್, ಅಂದರೆ ಕಾಳುಗಳು ಒಂದಕ್ಕೊಂದು ಬೆಸೆದುಹೋದ ಮರಳುಗಲ್ಲು. ಹಸಿರು ಬಹುಶಃ ಫುಕ್ಸೈಟ್, ಕ್ರೋಮಿಯಂ ಸೇರಿದ ಅಭ್ರಕ. ಸರಗೂರಿನ ಹಳೆಯ ಶಿಲಾಪಟ್ಟಿಯಲ್ಲಿ ಇದು ಇದೆ.

ಶೇಲ್ ಮಂಕಾಗಿರುತ್ತದೆ, ಹಾಗೆಲ್ಲ ಹೊಳೆಯಲ್ಲ. ನಿಮ್ಮದರಲ್ಲಿ ಮಿಂಚೋದು ಕಾಗೆಬಂಗಾರ. ನೀಲಿ ಕಡ್ಡಿಯಂಥ ಕಯನೈಟ್ ಖನಿಜ ಇದೆಯಾ ನೋಡಿ, ಅದು ಸಿಕ್ಕರೆ ಇದು ಶೇಲ್ ಅಲ್ಲ, ಶಿಸ್ಟ್ ಅನ್ನೋ ಹಾಳೆಹಾಳೆ ಕಲ್ಲು, ಅನುಮಾನವೇ ಬೇಡ. ಎರಡೂ 300 ಕೋಟಿ ವರ್ಷಕ್ಕೂ ಹಿಂದಿನ ಮರಳು, ಕೆಸರೇ. ಆಮೇಲೆ ನೆಲದಾಳಕ್ಕೆ ಹೋಗಿ, ಒತ್ತಡಕ್ಕೆ ಕಾವಿಗೆ ಸಿಕ್ಕಿ ಮರಳು ಕ್ವಾರ್ಟ್ಜೈಟ್ ಆಯಿತು, ಕೆಸರು ಶಿಸ್ಟ್ ಆಯಿತು. ಮೈಸೂರು, ಮಂಡ್ಯದಲ್ಲಿ ಜಾಸ್ತಿ ಇರೋದು ನೈಸ್ (gneiss) ಅನ್ನೋ ಪಟ್ಟೆಪಟ್ಟೆ ಕಲ್ಲು ಮತ್ತು ಗ್ರಾನೈಟ್. ಇಲ್ಲಿ ಉದುರುವ ಮರಳುಗಲ್ಲು ಸಿಕ್ಕರೆ ಯಾರು ತಂದರು ಅಂತ ಕೇಳಬೇಕು.

ಮಂಡ್ಯದ ಕಲ್ಲುಹುಚ್ಚ:
ಒಡೆದೆ. ಒಳಗೆ ಸಕ್ಕರೆ ಹರಳಿನ ಹಾಗೆ ಮಿಂಚು, ಕಾಳುಗಳು ಸೀಳಿವೆ. ಬೂದು ಕಲ್ಲಿನಲ್ಲಿ ನೀಲಿ ಕಡ್ಡಿಯೂ ಇದೆ! ಹಾಗಾದರೆ ಕೆಂಪು ಚೂರು?

ಬಾಗಲಕೋಟೆ ಅಕ್ಕ:
ಒಂದು ಬದಿ ಕೊಯ್ದಂಗೆ ನೇರ ಐತೇನ್ರಿ? ಸಿಮೆಂಟ್ ಅಂಟಿದ್ದರೆ ಅದು ಗೋಡೆಗೆ ಹಚ್ಚಲು ತಂದ ಕಲ್ಲು. ರಾಜಸ್ಥಾನದ್ದೂ ಇರಬಹುದು, ಬಣ್ಣ ನೋಡಿ ಊರು ಹೇಳಕ್ಕಾಗಲ್ಲ.

ಬದಲಾಗದ ಮರಳುಗಲ್ಲು ನೋಡಬೇಕಂದ್ರ ನಮ್ಮ ಬಾದಾಮಿ, ಐಹೊಳೆ ಕಡೆ ಬರ್ರಿ. ಕಲಾದಗಿ ಜಲಾನಯನ ಅಂದ್ರ ಹಿಂದೆ ಮರಳು, ಕೆಸರು ತುಂಬಿಕೊಂಡ ದೊಡ್ಡ ತಗ್ಗು. ಅದರಲ್ಲಿ ಕೆಳಗಿನ ಬಾಗಲಕೋಟೆ ಪದರಗಳು ಮಡಚಿವೆ, ಮೇಲಿನ ಬಾದಾಮಿ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿವೆ. ಎರಡರಲ್ಲೂ ತಳಕ್ಕೆ ಉರುಟುಕಲ್ಲು, ಮರಳುಗಲ್ಲು. ಮೇಲಕ್ಕೆ ಹೋದಂತೆ ಶೇಲ್ ಮತ್ತು ಸುಣ್ಣದ ಕಲ್ಲು. ನೀರು ಏರಿದಂತೆ ದಡ ದೂರ ಸರಿಯುತ್ತದೆ, ಅಲ್ಲಿವರೆಗೆ ಮುಟ್ಟೋದು ನುಣ್ಣನೆ ಕೆಸರು ಮಾತ್ರ. ಬಾದಾಮಿ ಬಂಡೆಗಳಲ್ಲಿ ಓರೆ ಗೆರೆಗಳು ಕಾಣುತ್ತವೆ. ಅವು ಇಳಿದ ದಿಕ್ಕಿಗೇ ಆಗ ನೀರು ಹರಿದದ್ದು. ಶಿಲ್ಪ ನೋಡಲು ಬಂದವರು ಅದನ್ನ ನೋಡೋದೇ ಇಲ್ಲ!

ಮಂಡ್ಯದ ಕಲ್ಲುಹುಚ್ಚ:
ಕೊಯ್ದ ಬದಿ ಇದೆ, ಸಿಮೆಂಟೂ ಇದೆ. ಅದನ್ನು ಡಬ್ಬಿಯಿಂದ ತೆಗೆದೆ ಅಕ್ಕ. ನೀಲಿ ಕಡ್ಡಿಯ ಫೋಟೊ ಸಂಜೆ ಹಾಕುತ್ತೇನೆ, ಕೋಟೆಯವರು ಒಮ್ಮೆ ನೋಡಿ ಹೇಳಿ.