ಬಿಸಿಯಾದ ಮೇಲೆ ಮಿಸ್ಸಿಂಗ್ ಹೊಡೆಯುವ ಹಳೆಯ ಬೈಕ್: ಕಾಯಿಲ್ ಬದಲಿಸುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ, ಸೇಡಂನಿಂದ:

ಎಲ್ಲರಿಗೂ ನಮಸ್ಕಾರ. ಈಚೆಗೆ 125 ಸಿಸಿಯ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡಿದ್ದೇನೆ. 2014ರ ಗಾಡಿ, ಕಾರ್ಬೊರೇಟರ್ ಇರುವಂಥದ್ದು, ಒಂದೇ ಪ್ಲಗ್. ಬೆಳಿಗ್ಗೆ ಮೊದಲ ಕಿಕ್ಕಿಗೇ ಚಾಲೂ ಆಗುತ್ತದೆ. ಊರೊಳಗೆ ಓಡಿಸಿದರೆ ಯಾವ ತಕರಾರೂ ಇಲ್ಲ. ಆದರೆ ಕಲಬುರಗಿ ಕಡೆಗೆ ಹೊರಟು ಮಳಖೇಡ ದಾಟುವಷ್ಟರಲ್ಲಿ, ವೇಗ 60ರ ಆಸುಪಾಸಿನಲ್ಲಿರುವಾಗ ಎಂಜಿನ್ ಮಿಸ್ಸಿಂಗ್ ಹೊಡೆಯಲು ಆರಂಭಿಸುತ್ತದೆ. ಆಕ್ಸಿಲರೇಟರ್ ಕೊಟ್ಟಷ್ಟೂ ಜರ್ಕ್ ಹೆಚ್ಚಾಗಿ ಕೊನೆಗೆ ಬಂದ್ ಬೀಳುತ್ತದೆ. ನೆರಳಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಯಾಗಿ ಓಡುತ್ತದೆ. ಹೊಸ ಪ್ಲಗ್ ಹಾಕಿಸಿದೆ, ಏರ್ ಫಿಲ್ಟರ್ ಬದಲಿಸಿದೆ, ವ್ಯತ್ಯಾಸವಾಗಲಿಲ್ಲ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಮತ್ತು ಕಿಡಿಯ ಸಮಯ ನಿಯಂತ್ರಿಸುವ ಸಿಡಿಐ ಪೆಟ್ಟಿಗೆ ಎರಡನ್ನೂ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಮನೆಯಲ್ಲಿ ಪ್ಲಗ್ ಪಾನಾ, ಸ್ಕ್ರೂಡ್ರೈವರ್, ಮಲ್ಟಿಮೀಟರ್ ಇವೆ. ಅಷ್ಟು ಹಣ ಹಾಕುವ ಮೊದಲು ನಾನೇ ಪರೀಕ್ಷಿಸಬಹುದಾದದ್ದು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ, ಕಲಬುರಗಿಯಿಂದ:

ತಮ್ಮಾ, ಎರಡನ್ನೂ ಈಗಲೇ ಬದಲಿಸಬೇಡಿ. ನಿಮ್ಮ ವಿವರಣೆಯಲ್ಲಿಯೇ ಅರ್ಧ ಉತ್ತರವಿದೆ. ತಣ್ಣಗಿರುವಾಗ ಸರಿಯಾಗಿದ್ದು, ಒಂದೇ ಸಮನೆ ಓಡಿದ ಮೇಲೆ ಕೆಟ್ಟು, ಸ್ವಲ್ಪ ನಿಲ್ಲಿಸಿದರೆ ತಾನಾಗಿಯೇ ಸರಿಹೋಗುವ ದೋಷಕ್ಕೆ ಮುಖ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಕಾರ್ಬೊರೇಟರಿಗೆ ಪೆಟ್ರೋಲ್ ಸಾಕಷ್ಟು ಇಳಿಯುತ್ತಿಲ್ಲ. ಇನ್ನೊಂದು, ಕಿಡಿ ಹುಟ್ಟಿಸುವ ಭಾಗಗಳಲ್ಲೊಂದು ಬಿಸಿಯಾದಾಗ ಕೈಕೊಡುತ್ತಿದೆ. ಎರಡರ ಲಕ್ಷಣವೂ ಸವಾರನಿಗೆ ಒಂದೇ ರೀತಿ ಕಾಣುವುದರಿಂದ ಊಹೆಯ ಮೇಲೆ ಸಾಮಾನು ಬದಲಿಸುವವರು ಹೆಚ್ಚು. ಇವೆರಡನ್ನು ಬೇರ್ಪಡಿಸುವ ಪರೀಕ್ಷೆಯನ್ನು ಗಾಡಿ ಬಂದ್ ಬಿದ್ದ ಜಾಗದಲ್ಲಿಯೇ, ಅದು ತಣ್ಣಗಾಗುವ ಮುನ್ನವೇ ಮಾಡಬೇಕು. ಮನೆಗೆ ತಳ್ಳಿಕೊಂಡು ಬಂದ ಮೇಲೆ ಮಾಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮಿಸ್ಸಿಂಗ್ ಶುರುವಾದ ಕೂಡಲೇ ರಸ್ತೆಯ ಬದಿಗೆ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆರೆಯಿರಿ. ಪೆಟ್ರೋಲ್ ಕೆಳಗಿಳಿದಂತೆ ಅದರ ಜಾಗಕ್ಕೆ ಗಾಳಿ ಹೋಗಲು ಮುಚ್ಚಳದಲ್ಲಿ ಸಣ್ಣ ರಂಧ್ರವಿರುತ್ತದೆ. ನಿಮ್ಮ ಭಾಗದ ಸಿಮೆಂಟ್ ಧೂಳು, ಕಪ್ಪು ಮಣ್ಣಿನ ಧೂಳು ಸೇರಿ ಅದು ಕಟ್ಟಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಇಳಿಯುವುದು ನಿಧಾನವಾಗುತ್ತದೆ. ಊರೊಳಗೆ ಪೆಟ್ರೋಲ್ ಬಳಕೆ ಕಡಿಮೆ ಇರುವುದರಿಂದ ಇದು ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲಿ ಫ್ಲೋಟ್ ಚೇಂಬರ್, ಅಂದರೆ ಕಾರ್ಬೊರೇಟರಿನ ಕೆಳಗೆ ಪೆಟ್ರೋಲ್ ತುಂಬಿಕೊಳ್ಳುವ ಬಟ್ಟಲು, ಖಾಲಿಯಾಗುತ್ತದೆ. ಮುಚ್ಚಳ ತೆರೆದಾಗ ಗಾಳಿ ಸುಂಯ್ ಎಂದು ಒಳನುಗ್ಗಿ, ಸ್ವಲ್ಪ ಹೊತ್ತಿನಲ್ಲೇ ಗಾಡಿ ಚಾಲೂ ಆದರೆ ದೋಷ ಸಿಕ್ಕಿತೆಂದೇ ತಿಳಿಯಿರಿ. ಅನುಮಾನ ಉಳಿದರೆ ಕಾರ್ಬೊರೇಟರಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಸಣ್ಣ ಬಾಟಲಿಗೆ ಪೆಟ್ರೋಲ್ ಹಿಡಿಯಿರಿ. ಧಾರೆ ಕಡಿಯದೆ ಒಂದೇ ಸಮ ಬಂದರೆ ಪೆಟ್ರೋಲಿನದು ತಪ್ಪಿಲ್ಲ. ಇಂಜಿನ್ ಬಿಸಿಯಾಗಿರುತ್ತದೆ, ಸೈಲೆನ್ಸರಿನ ಮೇಲೆ ಒಂದು ಹನಿಯೂ ಬೀಳಬಾರದು.

ಪೆಟ್ರೋಲ್ ಸರಿಯಿದ್ದರೆ ಕಿಡಿಯನ್ನು ನೋಡಿ. ಮೊದಲು ಡ್ರೈನ್ ಸ್ಕ್ರೂ ಬಿಗಿ ಮಾಡಿ, ಟ್ಯಾಂಕಿನ ಮುಚ್ಚಳ ಹಾಕಿ, ಬಾಟಲಿಯನ್ನು ದೂರವಿಡಿ. ಬಿಸಿ ಇಂಜಿನ್ನಿನಿಂದ ಪ್ಲಗ್ ಬಿಚ್ಚುವ ಬದಲು ಇನ್ನೊಂದು ಪ್ಲಗ್ಗನ್ನು ಜೇಬಿನಲ್ಲಿಟ್ಟುಕೊಂಡಿರಿ. ಇಂಜಿನ್ನಿನಲ್ಲಿರುವ ಪ್ಲಗ್ಗಿನ ತುದಿಗೆ ಕೂರಿಸಿರುವ ಕ್ಯಾಪ್ ಕಿತ್ತು ಈ ಇನ್ನೊಂದು ಪ್ಲಗ್ಗಿಗೆ ಹಾಕಿ, ಪ್ಲಗ್ಗಿನ ಲೋಹದ ಭಾಗ ಸಿಲಿಂಡರ್ ಹೆಡ್ಡಿಗೆ ಚೆನ್ನಾಗಿ ತಾಗುವಂತೆ ಇಟ್ಟು ಕಿಕ್ ಹೊಡೆಯಿರಿ. ಹೀಗೆ ಮಾಡಿದರೆ ಸಿಲಿಂಡರಿನ ರಂಧ್ರ ಮುಚ್ಚಿಯೇ ಇರುವುದರಿಂದ ಪೆಟ್ರೋಲ್ ಆವಿಗೆ ಕಿಡಿ ತಗಲುವ ಭಯವಿಲ್ಲ. ಕ್ಯಾಪನ್ನು ಬರಿಗೈಯಲ್ಲಿ ಹಿಡಿಯಬೇಡಿ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಪ್ಲಗ್ ಅರ್ಥ್ ಆಗದೆ ಗಾಳಿಯಲ್ಲಿ ತೂಗಾಡುವಾಗ ಕಿಕ್ ಹೊಡೆಯಲೂ ಬೇಡಿ, ಅದರಿಂದ ಸಿಡಿಐ ಹಾಳಾಗಬಹುದು. ನೀಲಿ ಬಣ್ಣದ, ಚಟ್ ಎನ್ನುವ ದಪ್ಪ ಕಿಡಿ ಬಂದರೆ ಒಳ್ಳೆಯದು. ಕೇಸರಿ ಬಣ್ಣದ ಸಣಕಲು ಕಿಡಿ ಬಂದರೆ ಅಥವಾ ಬಿಟ್ಟು ಬಿಟ್ಟು ಬಂದರೆ ದೋಷ ಕಿಡಿಯ ಕಡೆಗಿದೆ. ಫಲಿತಾಂಶ ತಿಳಿಸಿ, ಮುಂದಿನದನ್ನು ನೋಡೋಣ.

ಮತ್ತೊಬ್ಬರು, ಯಾದಗಿರಿಯಿಂದ:

ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗದಲ್ಲಿ ಬಿಡುವ ಸಣ್ಣ ಸಂದು) ಬಿಗಿಯಾಗಿದ್ದರೂ ಬಿಸಿಯಾದ ಮೇಲೆ ತೊಂದರೆ ಬರುತ್ತದೆಯಲ್ಲವೇ, ಅಣ್ಣನವರೇ?

ಉತ್ತರ, ಕಲಬುರಗಿಯಿಂದ:

ಬರುತ್ತದೆ. ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಆದರೆ ಆಗ ಸಾಮಾನ್ಯವಾಗಿ ಮೊದಲು ಕೆಡುವುದು ಐಡಲಿಂಗ್. ಸಿಗ್ನಲ್ಲಿನಲ್ಲಿ ನಿಂತಾಗ ಬಂದ್ ಬೀಳುತ್ತದೆ, ಬಿಸಿಯಲ್ಲಿ ಕಿಕ್ ಹಗುರವಾಗುತ್ತದೆ. ಇವರ ಗಾಡಿ ವೇಗದಲ್ಲಿ ಕೆಡುತ್ತಿದೆ. ಹಾಗಾಗಿ ಟ್ಯಾಪೆಟ್ಟನ್ನು ಕೊನೆಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಗಾಡಿಯ ಕೈಪಿಡಿಯಲ್ಲಿ ಕೊಟ್ಟಿರುವ ಅಳತೆಗೆ ಫೀಲರ್ ಗೇಜಿನಿಂದ ನೋಡಿಕೊಂಡರೆ ಸಾಕು.

ಪ್ರಶ್ನೆ ಕೇಳಿದವರು, ಸೇಡಂನಿಂದ:

ನೀವು ಹೇಳಿದಂತೆಯೇ ಮಾಡಿದೆ. ಮುಚ್ಚಳ ತೆರೆದರೂ ಗಾಡಿ ಸುಧಾರಿಸಲಿಲ್ಲ, ಡ್ರೈನಿನಲ್ಲಿ ಪೆಟ್ರೋಲ್ ಚೆನ್ನಾಗಿ ಬಂತು. ಕಿಡಿ ಮಾತ್ರ ಕೇಸರಿ ಬಣ್ಣದ್ದು, ಅದೂ ಬಿಟ್ಟು ಬಿಟ್ಟು ಬರುತ್ತಿತ್ತು. ಹಾಗಾದರೆ ಕಾಯಿಲ್ ಹೋಗಿದೆಯೇ?

ಉತ್ತರ, ಕಲಬುರಗಿಯಿಂದ:

ಕಾಯಿಲಿಗೂ ಪ್ಲಗ್ಗಿಗೂ ನಡುವೆ ಇನ್ನೂ ಎರಡು ವಸ್ತುಗಳಿವೆ: ಎಚ್‌ಟಿ ವೈರ್, ಅಂದರೆ ಕಾಯಿಲಿನಿಂದ ಹೆಚ್ಚಿನ ವೋಲ್ಟೇಜ್ ಒಯ್ಯುವ ದಪ್ಪ ವೈರ್, ಮತ್ತು ಪ್ಲಗ್ ಕ್ಯಾಪ್. ಹಳೆಯ ಗಾಡಿಗಳಲ್ಲಿ ಕ್ಯಾಪನ್ನು ಯಾರೂ ಅನುಮಾನಿಸುವುದಿಲ್ಲ. ಅದಕ್ಕೇ ನಾನು ಮೊದಲು ಅದನ್ನೇ ನೋಡುತ್ತೇನೆ. ಹೆಚ್ಚಿನ ಕ್ಯಾಪ್‌ಗಳ ಒಳಗೆ ಸುಮಾರು 5 ಕಿಲೋಓಮ್‌ನ ರೆಸಿಸ್ಟರ್ ಇರುತ್ತದೆ. ಕ್ಯಾಪನ್ನು ವೈರಿನಿಂದ ತಿರುವಿ ಬಿಚ್ಚಿ, ಎರಡು ತುದಿಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ತಣ್ಣಗಿರುವಾಗ ಒಮ್ಮೆ, ಗಾಡಿ ಓಡಿಸಿ ಬಂದ ತಕ್ಷಣ ಇನ್ನೊಮ್ಮೆ ಅಳೆಯಿರಿ. ಬಿಸಿಯಲ್ಲಿ ಅಂಕಿ ನಿಲ್ಲದೆ ಮೇಲೇರಿದರೆ ಕ್ಯಾಪ್ ಸತ್ತಿದೆ. ಜೊತೆಗೆ ವೈರಿನ ತುದಿಯನ್ನೂ ನೋಡಿ. ತಾಮ್ರದ ಎಳೆಗಳು ಹಸಿರುಗಟ್ಟಿದ್ದರೆ ಅರ್ಧ ಸೆಂಟಿಮೀಟರಿನಷ್ಟು ಕತ್ತರಿಸಿ, ಹೊಳೆಯುವ ಎಳೆ ಕಂಡ ಮೇಲೆ ಕ್ಯಾಪನ್ನು ಮತ್ತೆ ತಿರುವಿ ಕೂರಿಸಿ. ಅನೇಕ ಗಾಡಿಗಳಲ್ಲಿ ಈ ವೈರ್ ಕಾಯಿಲಿಗೇ ಅಂಟಿಕೊಂಡಿರುವುದರಿಂದ ಉದ್ದ ಕಡಿಮೆಯಾಗದಂತೆ ಎಚ್ಚರವಹಿಸಿ.

ಪ್ರಶ್ನೆ ಕೇಳಿದವರು, ಸೇಡಂನಿಂದ:

ಅಣ್ಣನವರೇ, ಕ್ಯಾಪಿನದೇ ದೋಷ. ತಣ್ಣಗಿದ್ದಾಗ ಐದರ ಹತ್ತಿರ ತೋರಿಸಿದ ಮೀಟರ್, ಬಿಸಿಯಲ್ಲಿ ಮೆಗಾಓಮ್‌ಗೆ ಏರಿ ಕುಣಿಯತೊಡಗಿತು. ವೈರಿನ ತುದಿಯೂ ಹಸಿರುಗಟ್ಟಿತ್ತು. ತುದಿ ಕತ್ತರಿಸಿ ಹೊಸ ಕ್ಯಾಪ್ ಹಾಕಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲಿಯೂ ನಿಲ್ಲಿಸದೆ ಕಲಬುರಗಿ ಮುಟ್ಟಿದೆ. ಕಾಯಿಲನ್ನಾಗಲಿ ಸಿಡಿಐಯನ್ನಾಗಲಿ ಮುಟ್ಟಲೇ ಇಲ್ಲ. ನಿಮ್ಮ ಉಪಕಾರ ದೊಡ್ಡದು.

ಉತ್ತರ, ಕಲಬುರಗಿಯಿಂದ:

ಬಹಳ ಸಂತೋಷವಾಯಿತು. ಹೊಸ ಕ್ಯಾಪಿನಲ್ಲಿಯೂ ರೆಸಿಸ್ಟರ್ ಇದೆಯೇ ಎಂದು ಒಮ್ಮೆ ಅಳೆದು ನೋಡಿ. ರೆಸಿಸ್ಟರ್ ಇಲ್ಲದ ಅಗ್ಗದ ಕ್ಯಾಪ್ ಹಾಕಿದರೆ ಅದರಿಂದೇಳುವ ವಿದ್ಯುತ್ ಅಡಚಣೆ ಸಿಡಿಐಗೆ ತೊಂದರೆ ಕೊಡಬಹುದು. ಮಳೆಗಾಲಕ್ಕೆ ಮುಂಚೆ ಕ್ಯಾಪಿನ ಎರಡೂ ಕಡೆಯ ರಬ್ಬರ್ ಸೀಲ್ ಬಿರುಕು ಬಿಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ, ನೀರು ವೈರಿನ ತುದಿಗೆ ಇಳಿಯುವುದು ಅಲ್ಲಿಂದಲೇ.