ಸಹಾಯ ಬೇಕು: ಡೈಕ್‌ಸ್ಟ್ರಾ ಅಲ್ಗಾರಿದಮ್ ಸರಿ ಅಂತ ಸಾಬೀತು ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಸೈನ್ಸ್ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಈಗ ಗ್ರಾಫ್ (ನೋಡ್ ಎಂಬ ಬಿಂದುಗಳು, ಅವನ್ನು ಜೋಡಿಸುವ ಗೆರೆಗಳು) ಪಾಠ ನಡೆಯುತ್ತಿದೆ. ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ, ಅತಿ ಕಡಿಮೆ ದೂರದ ದಾರಿ ಹುಡುಕುವ ಅಲ್ಗಾರಿದಮ್ ಇದೆಯಲ್ಲ, ಅದರ ಕೋಡ್ ಬರೆಯೋಕೆ ಬರುತ್ತದೆ. ಆದರೆ ಅದು ಸರಿ ಅಂತ ಸಾಬೀತು ಮಾಡುವಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಪ್ರಯಾರಿಟಿ ಕ್ಯೂನಿಂದ (ಅತಿ ಕಡಿಮೆ ದೂರದ ನೋಡ್ ಮೊದಲು ಹೊರಬರುವ ಸಾಲು) ಒಮ್ಮೆ ಹೊರಬಂದ ನೋಡ್‌ನ ದೂರ ಮತ್ತೆ ಕಡಿಮೆಯಾಗುವುದಿಲ್ಲ, ಅಲ್ವಾ? ಆದರೆ ತೂಕಗಳಲ್ಲಿ (ಪ್ರತಿ ಗೆರೆಗೆ ಕೊಟ್ಟ ದೂರ) ಮೈನಸ್ ಇದ್ದರೆ ಇದು ಕೆಡುತ್ತದೆ. ಅ–ಯಿಂದ ಬ–ಗೆ 2, ಅ–ಯಿಂದ ಕ–ಗೆ 5, ಕ–ಯಿಂದ ಬ–ಗೆ ಮೈನಸ್ 4 ಅಂತ ಇಟ್ಟುಕೊಳ್ಳಿ. ಬ ಮೊದಲೇ 2 ಅಂತ ಹೊರಬರುತ್ತದೆ. ಆದರೆ ಕ ಮೂಲಕ ಹೋದರೆ ನಿಜವಾದ ದೂರ 1. ಇಂಥ ಕಡೆ ಮೈನಸ್ ತೂಕವನ್ನೂ ನಿಭಾಯಿಸುವ ಬೆಲ್‌ಮನ್-ಫೋರ್ಡ್ ಅಲ್ಗಾರಿದಮ್ ಬೇಕು ಅನ್ನೋದು ಅರ್ಥವಾಗಿದೆ.

ಮೈನಸ್ ತೂಕ ಇಲ್ಲದಿದ್ದಾಗ ಯಾವಾಗಲೂ ಸರಿ ಬರುತ್ತದೆ ಅನ್ನೋದನ್ನು ಇಂಡಕ್ಷನ್‌ನಲ್ಲಿ (ಒಂದು ಹೆಜ್ಜೆಯಿಂದ ಮುಂದಿನ ಹೆಜ್ಜೆಗೆ ಸಾಬೀತು ಮಾಡುವ ವಿಧಾನ) ಕಟ್ಟಬೇಕು. ಯಾವುದರ ಮೇಲೆ ಇಂಡಕ್ಷನ್ ಮಾಡಬೇಕು? ಹೊರಬಂದ ನೋಡ್‌ಗಳ ಸಂಖ್ಯೆಯ ಮೇಲಾ? ಹೊರಬಂದ ನೋಡ್‌ಗೆ ಸಿಕ್ಕ ದೂರಕ್ಕಿಂತ ಚಿಕ್ಕ ದಾರಿ ಇದೆ ಅಂತ ಭಾವಿಸಿದರೆ ವಿರೋಧ ಎಲ್ಲಿ ಹುಟ್ಟುತ್ತದೆ?

ಪೂರ್ತಿ ಉತ್ತರ ಬರೆದು ಕೊಡಬೇಡಿ. ಮೊದಲ ಹೆಜ್ಜೆ ತೋರಿಸಿದರೆ ಸಾಕು, ಉಳಿದದ್ದನ್ನು ನಾನೇ ಬರೆದು ಇಲ್ಲಿ ಹಾಕುತ್ತೇನೆ. ದಯವಿಟ್ಟು ತಪ್ಪಿದ್ದರೆ ತಿದ್ದಿ.